ಮಾಂತ್ರಿಕನಿಗೂ ಕಬ್ಬಿನ ಗದ್ದೆ ಬೇಕು

ಮೈನ್‌ಕ್ರಾಫ್ಟ್ ಆಟದ ಜೌಗು ನೆಲದಲ್ಲಿ ಮಾಟಗಾತಿಯೊಬ್ಬಳನ್ನು ಸೋಲಿಸಿದಿರಿ ಎನ್ನಿ. ಅವಳಿಂದ ಉದುರುವ ಸಾಮಾನು ನೋಡಿದರೆ ಆಶ್ಚರ್ಯವಾಗುತ್ತದೆ: ಗಾಜಿನ ಸೀಸೆ, ಕಡ್ಡಿ, ಸಕ್ಕರೆ, ಸಿಡಿಮದ್ದಿನ ಪುಡಿ, ಜೇಡನ ಕಣ್ಣು, ರೆಡ್‌ಸ್ಟೋನ್ ಎಂಬ ಕೆಂಪು ಪುಡಿ, ಗ್ಲೋಸ್ಟೋನ್ ಎಂಬ ಹೊಳೆಯುವ ಪುಡಿ. ಅರ್ಧ ಮಾಯೆಯ ಸರಕು, ಇನ್ನರ್ಧ ಯಾವ ಮನೆಯಲ್ಲೂ ಸಿಗುವಂಥದ್ದು. ಈ ಲೋಕದ ಮಾಯಾವಿದ್ಯೆ ನಿಂತಿರುವುದೇ ಈ ಬೆರಕೆಯ ಮೇಲೆ.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಮೊದಲ ರೂಪ ಹೊರಬಿಟ್ಟ ಆಟ ಇದು. ಪೂರ್ಣರೂಪದಲ್ಲಿ ಬಂದದ್ದು 2011ರ ನವೆಂಬರ್ 18ರಂದು. ಮದ್ದು ಕಾಯಿಸುವ, ಆಯುಧಗಳನ್ನು ಮಂತ್ರಿಸುವ ವಿದ್ಯೆಗಳು ಆ ಆವೃತ್ತಿಯಲ್ಲೇ ಸೇರಿಕೊಂಡವು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಈ ಆಟ ರೂಪಿಸಿದ ಸ್ಟಾಕ್‌ಹೋಮ್‌ನ ಮೊಜಾಂಗ್ ಸಂಸ್ಥೆಯನ್ನು ಕೊಂಡುಕೊಂಡಿತು. 2023ರ ಹೊತ್ತಿಗೆ ಆಟದ 30 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಎಲ್ಲ ತಯಾರಿಕೆಯೂ ಶುರುವಾಗುವುದು ಮರದಿಂದ. ಒಂದು ದಿಮ್ಮಿ ನಾಲ್ಕು ಹಲಗೆ ಕೊಡುತ್ತದೆ. ನಾಲ್ಕು ಹಲಗೆ ಜೋಡಿಸಿದರೆ ಕ್ರಾಫ್ಟಿಂಗ್ ಟೇಬಲ್. ಅದರಲ್ಲಿ ಒಂಬತ್ತು ಮನೆಗಳು. ಯಾವ ಮನೆಯಲ್ಲಿ ಯಾವ ವಸ್ತು ಕೂರಬೇಕು ಎನ್ನುವುದೇ ಇಲ್ಲಿನ ಪಾಕ. ಮೂರು ಗೋಧಿ ತೆನೆ ಒಂದೇ ಸಾಲಿನಲ್ಲಿಟ್ಟರೆ ಬ್ರೆಡ್ಡು. ಮೇಲಿನ ಸಾಲಿಗೆ ಮೂರು ಬಕೆಟ್ ಹಾಲು, ನಡುವಿನ ಸಾಲಿಗೆ ಎರಡು ಪಾಲು ಸಕ್ಕರೆ, ಅವುಗಳ ಮಧ್ಯೆ ಒಂದು ಮೊಟ್ಟೆ, ಕೆಳಗೆ ಮೂರು ಗೋಧಿ ಇಟ್ಟರೆ ಕೇಕು. ಕಂಪ್ಯೂಟರ್ ಆವೃತ್ತಿಯಲ್ಲಿ ಇವನ್ನೆಲ್ಲ ತೋರಿಸಿಕೊಡುವ ಪಾಕಪುಸ್ತಕ ಬಂದದ್ದು 2017ರಲ್ಲಿ. ಮದ್ದಿನ ಪಾಕಗಳಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಅವನ್ನು ಬಲ್ಲವರಿಂದ ಕೇಳಿ ತಿಳಿಯಬೇಕು, ಇಲ್ಲವೇ ಕಾಯಿಸಿ ನೋಡಿ ಕಲಿಯಬೇಕು.

ಮದ್ದಿನ ಒಲೆಗೆ ಬ್ರೂಯಿಂಗ್ ಸ್ಟ್ಯಾಂಡ್ ಎನ್ನುತ್ತಾರೆ. ಅದನ್ನು ಮಾಡಲು ಬೇಕಾದ್ದು ಮೂರು ಸಾಧಾರಣ ಕಲ್ಲು, ಒಂದು ಬ್ಲೇಜ್ ಕೋಲು. ಕಲ್ಲು ಕಾಲಡಿಯಲ್ಲೇ ಇದೆ. ಬ್ಲೇಜ್ ಎಂಬ ಉರಿಯುವ ಜೀವಿ ಇರುವುದು ನೆದರ್ ಎಂಬ ಪಾತಾಳದ ಕೋಟೆಗಳಲ್ಲಿ. ಅದೇ ಕೋಟೆಗಳಲ್ಲಿ ಒಂದು ಬಗೆಯ ಕಂದು ಮರಳಿನ ಮೇಲೆ ನೆದರ್ ವಾರ್ಟ್ ಎಂಬ ಕೆಂಪು ಬೆಳೆ ಸಿಗುತ್ತದೆ. ಬ್ಲೇಜ್ ಕೋಲನ್ನು ಪುಡಿಮಾಡಿದರೆ ಒಲೆಗೆ ಉರುವಲು. ಒಂದು ಪಾಲು ಪುಡಿಯಲ್ಲಿ ಇಪ್ಪತ್ತು ಸಲ ಕಾಯಿಸಬಹುದು. ಒಮ್ಮೆಗೆ ಮೂರು ಸೀಸೆ ಹಿಡಿಸುತ್ತದೆ, ಇಪ್ಪತ್ತು ಸೆಕೆಂಡಿನಲ್ಲಿ ಕಾದು ಮುಗಿಯುತ್ತದೆ. ಸೀಸೆಗೆ ಗಾಜು, ಗಾಜಿಗೆ ಕುಲುಮೆಯಲ್ಲಿ ಕರಗಿದ ಮರಳು. ನೆದರ್‌ನಲ್ಲಿ ನೀರು ಸುರಿದರೆ ಕ್ಷಣದಲ್ಲಿ ಆವಿಯಾಗುತ್ತದೆ. ಹಾಗಾಗಿ ಸೀಸೆಗೆ ತುಂಬುವ ನೀರು ಮೇಲಿನ ಲೋಕದ ಹಳ್ಳಕೊಳ್ಳಗಳದ್ದು.

ನೀರಿಗೆ ಮೊದಲು ಹಾಕುವುದು ನೆದರ್ ವಾರ್ಟ್. ಸಾರಿಗೆ ಬೇಳೆಕಟ್ಟು ಇದ್ದ ಹಾಗೆ ಅದು: ಅದರದ್ದೇ ಆದ ಪ್ರಭಾವ ಏನೂ ಇಲ್ಲ, ಆದರೆ ಅದಿಲ್ಲದೆ ಮುಂದಿನದು ಕೂಡಿಬರುವುದಿಲ್ಲ. ಆಮೇಲೆ ಬೀಳುವ ವಸ್ತು ಗುಣವನ್ನು ತರುತ್ತದೆ. ಸಕ್ಕರೆ ಹಾಕಿದರೆ ಓಟದ ವೇಗ. ಮೊಲದ ಕಾಲು ಹಾಕಿದರೆ ಎತ್ತರದ ನೆಗೆತ. ಮುಳ್ಳುಮುಳ್ಳಾದ ಪಫರ್ ಮೀನು ಹಾಕಿದರೆ ನೀರಿನಡಿ ಉಸಿರಾಟ. ಬ್ಲೇಜ್ ಪುಡಿಯನ್ನೇ ಹಾಕಿದರೆ ತೋಳ್ಬಲ. ಕ್ಯಾರೆಟ್ಟಿನ ಸುತ್ತ ಎಂಟು ಚಿನ್ನದ ಹರಳು ಇಟ್ಟು ಮಾಡಿದ ಹೊನ್ನಿನ ಕ್ಯಾರೆಟ್ಟು ಇರುಳಲ್ಲೂ ಕಾಣುವ ಕಣ್ಣು ಕೊಡುತ್ತದೆ. ಕ್ಯಾರೆಟ್ ತಿಂದರೆ ಕಣ್ಣಿಗೆ ಒಳ್ಳೆಯದು ಎಂಬ ಮಾತನ್ನು ಆಟ ಕಟ್ಟಿದವರೂ ಕೇಳಿಸಿಕೊಂಡಿರಬೇಕು! ಕಲ್ಲಂಗಡಿ ಹೋಳಿಗೆ ಅದೇ ರೀತಿ ಚಿನ್ನ ಸುತ್ತಿದರೆ ಗಾಯ ಮಾಯಿಸುವ ಮದ್ದಿಗೆ ಬರುತ್ತದೆ.

ಮೂರನೆಯ ಹಂತದಲ್ಲಿ ಮದ್ದನ್ನು ತಿದ್ದುವುದು. ರೆಡ್‌ಸ್ಟೋನ್ ಅವಧಿಯನ್ನು ಹಿಗ್ಗಿಸುತ್ತದೆ: ಮೂರು ನಿಮಿಷದ ವೇಗ ಎಂಟು ನಿಮಿಷಕ್ಕೆ ಏರುತ್ತದೆ. ಗ್ಲೋಸ್ಟೋನ್ ತೀವ್ರತೆ ಹೆಚ್ಚಿಸಿ ಅವಧಿಯನ್ನು ಕುಗ್ಗಿಸುತ್ತದೆ. ಎರಡೂ ಒಟ್ಟಿಗೆ ದಕ್ಕುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ಸಿಡಿಮದ್ದಿನ ಪುಡಿ ಬೆರೆಸಿದರೆ ಕುಡಿಯುವ ಮದ್ದು ಎಸೆಯುವ ಮದ್ದಾಗುತ್ತದೆ. ಎಲ್ಲಕ್ಕಿಂತ ಸ್ವಾರಸ್ಯದ್ದು ಹುಳಿಬರಿಸಿದ ಜೇಡನ ಕಣ್ಣು. ಜೇಡನ ಕಣ್ಣಿಗೆ ಸಕ್ಕರೆ, ಕಂದು ಅಣಬೆ ಸೇರಿಸಿ ಮಾಡುವ ಇದು ಮದ್ದಿನ ಗುಣವನ್ನೇ ತಿರುಗುಮುರುಗು ಮಾಡುತ್ತದೆ. ವೇಗದ ಮದ್ದು ನಿಧಾನದ್ದಾಗುತ್ತದೆ. ಇರುಳಲ್ಲಿ ಕಾಣಿಸುತ್ತಿದ್ದ ಮದ್ದು ಕುಡಿದವರನ್ನೇ ಕಾಣದಂತೆ ಮಾಡುತ್ತದೆ.

ಆಯುಧ ಮಂತ್ರಿಸುವ ವಿದ್ಯೆಗೆ ಹೊರಟರೆ ಲೆಕ್ಕ ಇನ್ನೂ ದೊಡ್ಡದು. ಮಂತ್ರದ ಮೇಜಿಗೆ ಎರಡು ವಜ್ರ, ನಾಲ್ಕು ಅಬ್ಸಿಡಿಯನ್ ಕಲ್ಲು, ಒಂದು ಪುಸ್ತಕ. ಲಾವಾಕ್ಕೆ ನೀರು ತಾಗಿದಾಗ ಹುಟ್ಟುವ ಈ ಕರಿಗಲ್ಲನ್ನು ಅಗೆದು ತೆಗೆಯಲು ವಜ್ರದ ಗುದ್ದಲಿಯಾದರೂ ಬೇಕು. ಒಂದೊಂದು ಮಂತ್ರಕ್ಕೂ ಆಟಗಾರ ಗಳಿಸಿದ ಅನುಭವದ ಮಟ್ಟಗಳ ಜೊತೆಗೆ ಲ್ಯಾಪಿಸ್ ಎಂಬ ನೀಲಿಕಲ್ಲನ್ನು ತೆರಬೇಕು. ಇಷ್ಟು ಹೊಂದಿಸಿದರೂ ಬರಿಯ ಮೇಜು ಕೊಡುವುದು ಸಣ್ಣಪುಟ್ಟ ಮಂತ್ರಗಳನ್ನೇ. ಗರಿಷ್ಠ ಶಕ್ತಿ ಬೇಕೆಂದರೆ ಸುತ್ತ ಹದಿನೈದು ಪುಸ್ತಕದ ಕಪಾಟುಗಳಿರಬೇಕು. ಕಪಾಟೊಂದಕ್ಕೆ ಮೂರು ಪುಸ್ತಕ, ಆರು ಹಲಗೆ. ಪುಸ್ತಕವೊಂದಕ್ಕೆ ಮೂರು ಹಾಳೆ ಕಾಗದ, ಒಂದು ತುಂಡು ತೊಗಲು. ಕಾಗದ ಬರುವುದು ಕಬ್ಬಿನಿಂದ, ಮೂರು ಜಲ್ಲೆಗೆ ಮೂರು ಹಾಳೆ. ಕೂಡಿಸಿದರೆ ಕಪಾಟುಗಳಿಗೇ 45 ಪುಸ್ತಕ, 135 ಜಲ್ಲೆ ಕಬ್ಬು, 45 ತುಂಡು ತೊಗಲು, 90 ಹಲಗೆ. ಕಬ್ಬು ನೀರಿನ ಪಕ್ಕದಲ್ಲಿ ಮಾತ್ರ ಬೆಳೆಯುತ್ತದೆ. ಎರಡು ವಜ್ರ ಅದೃಷ್ಟವಿದ್ದರೆ ಒಂದೇ ಗಣಿಯಲ್ಲಿ ಸಿಕ್ಕಾವು. ಇಷ್ಟು ಕಬ್ಬಿಗೆ ನೆಟ್ಟು, ಕಾದು, ಕಡಿಯದೆ ಬೇರೆ ದಾರಿಯಿಲ್ಲ.

ಮಾಯೆಯನ್ನು ಅಳಿಸುವುದಕ್ಕೂ ಮನೆಯ ಸಾಮಾನೇ ಸಾಕು. ವಿಷವೇರಿದರೆ, ಮಾಟಗಾತಿ ಎಸೆದ ಮದ್ದಿನಿಂದ ಕಾಲು ಭಾರವಾದರೆ ಒಂದು ಬಕೆಟ್ ಹಾಲು ಕುಡಿದರಾಯಿತು. ಮೈಮೇಲಿನ ಎಲ್ಲ ಪ್ರಭಾವಗಳೂ ಇಳಿದುಹೋಗುತ್ತವೆ. ಹಾಲು ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ನೋಡುವುದಿಲ್ಲ. ಕಷ್ಟಪಟ್ಟು ಕಾಯಿಸಿದ ತೋಳ್ಬಲದ ಮದ್ದೂ ಅದರೊಂದಿಗೇ ಹೋಗುತ್ತದೆ. ಆದ್ದರಿಂದ ಬಲ್ಲವರು ಕಾಳಗದ ನಡುವೆ ಹಾಲಿಗೆ ಕೈಹಾಕುವ ಮುನ್ನ ಯೋಚಿಸುತ್ತಾರೆ.

ಈ ಕಸುಬು ಕಾಳಗಕ್ಕಷ್ಟೇ ಮೀಸಲಲ್ಲ. ಜೋಂಬಿಯಾಗಿ ಹೋದ ಹಳ್ಳಿಗನನ್ನು ಮರಳಿ ಮನುಷ್ಯನನ್ನಾಗಿಸಲೂ ಒಂದು ಪಾಕವಿದೆ. ಮೊದಲು ದೌರ್ಬಲ್ಯದ ಮದ್ದು ಎಸೆಯಬೇಕು. ನೆದರ್ ವಾರ್ಟ್ ಬೇಡದ ಮದ್ದು ಇದು. ಬರಿಯ ನೀರಿಗೆ ಹುಳಿಬರಿಸಿದ ಕಣ್ಣು ಹಾಕಿ, ಸಿಡಿಮದ್ದಿನ ಪುಡಿ ಬೆರೆಸಿದರೆ ಮುಗಿಯಿತು. ಬಳಿಕ ಸೇಬಿನ ಸುತ್ತ ಎಂಟು ಚಿನ್ನದ ಗಟ್ಟಿ ಇಟ್ಟು ಮಾಡಿದ ಹೊನ್ನಿನ ಸೇಬು ತಿನ್ನಿಸಬೇಕು. ಗಡಗಡ ನಡುಗುತ್ತ ಅವನು ಕೆಲವು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಾನೆ, ಆಮೇಲೆ ವ್ಯಾಪಾರದಲ್ಲಿ ಉಪಕಾರ ಮಾಡಿದವರಿಗೆ ದರ ಇಳಿಸಿಯೂ ಕೊಡುತ್ತಾನೆ.

ಹೊಸಬರು ವಜ್ರದ ಆಸೆಗೆ ಗಣಿಗೋ ಬ್ಲೇಜ್ ಕೋಲಿನ ಆಸೆಗೆ ನೆದರ್‌ಗೋ ಓಡುತ್ತಾರೆ. ಪಳಗಿದವರು ಮೊದಲು ಹೊಳೆದಂಡೆಯಲ್ಲಿ ಕಬ್ಬು ನೆಡುತ್ತಾರೆ, ಗೋಧಿ ಬಿತ್ತುತ್ತಾರೆ, ಬೇಲಿ ಹಾಕಿ ಎರಡು ಹಸು ಕಟ್ಟುತ್ತಾರೆ. ಗೋಧಿ ತಿನ್ನಿಸಿದರೆ ಹಸುಗಳು ಕರು ಹಾಕುತ್ತವೆ. ಹಿಂಡು ಬೆಳೆದರೆ ಹಾಲೂ ಉಂಟು, ತೊಗಲೂ ಉಂಟು. ಆದ್ದರಿಂದ ನಿಮ್ಮ ಮನೆಯ ಹುಡುಗ ರಜೆಯ ಮಧ್ಯಾಹ್ನವೆಲ್ಲ ಪರದೆಯ ಮೇಲಿನ ಹಸುಗಳಿಗೆ ಗೋಧಿ ಹಾಕುತ್ತ ಕೂತಿದ್ದರೆ, ಕತ್ತಿ ಕಠಾರಿ ಬಿಟ್ಟು ದನ ಕಾಯುತ್ತಿದ್ದಾನಲ್ಲ ಎಂದು ನಗಬೇಡಿ. ಅವನು ಕತ್ತಿಯ ಕೆಲಸದಲ್ಲೇ ಇದ್ದಾನೆ. ಇನ್ನೂ ಕೆಲವು ಪುಸ್ತಕಗಳಿಗೆ ತೊಗಲು ಸಾಲದೆ ಬಂದಿದೆ, ಅಷ್ಟೇ.