ನೊಣ ಸಿಕ್ಕರೆ ಸಾಲದು, ಸಾಕ್ಷಿ ಬೇಕು

ಯೆರವಡಾ ಎಂದರೆ ನಮ್ಮ ಓದುಗರಿಗೆ ನೆನಪಾಗುವುದು ಜೈಲು, 1932ರ ಗಾಂಧೀಜಿಯ ಉಪವಾಸ, ಪುಣೆ ಒಪ್ಪಂದ. ಮುಳಾ-ಮುಠಾ ನದಿಯಾಚೆಗಿನ ಅದೇ ಯೆರವಡಾದಲ್ಲಿ ದುಡಿಯುವ ಜನರ ಒತ್ತೊತ್ತಾದ ಮನೆಗಳಿವೆ, ಓಣಿ ಕಾಯುವ ನಾಯಿಗಳಿವೆ. ಬಿರುಕುಬಿಟ್ಟ ಗೋಡೆ, ತೇವ ಹಿಡಿದ ಮಣ್ಣು, ಕೊಳೆತ ಎಲೆ, ಸಗಣಿ, ಪಕ್ಕದಲ್ಲೇ ಮಲಗುವ ಪ್ರಾಣಿ ಇಷ್ಟಿದ್ದರೆ ಮರಳು ನೊಣಕ್ಕೆ ಬೇರೇನೂ ಬೇಡ. ಹಾಗಾದರೆ ಅದು ನಾಯಿಗೆ ಲೀಶ್ಮೇನಿಯಾ ಎಂಬ ಪರಾವಲಂಬಿಯಿಂದ ಬರುವ ಲೀಶ್ಮೇನಿಯಾಸಿಸ್ ರೋಗ ಅಂಟಿಸೀತೇ? ‘ಅಂಟಿಸಬಹುದು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅಂಟಿಸುತ್ತದೆ ಎಂದು ತೋರಿಸಿಕೊಡುವುದು ಮಹಾ ಕಷ್ಟ.

ಹೆಸರಿಗೆ ನೊಣ, ಗಾತ್ರ ಎರಡು-ಮೂರು ಮಿಲಿಮೀಟರ್ ಅಷ್ಟೇ. ಮೈತುಂಬ ರೋಮ, ಕೂತಾಗಲೂ ರೆಕ್ಕೆ ಎತ್ತಿಕೊಂಡೇ ಇರುತ್ತದೆ. ಸದ್ದಿಲ್ಲ. ದೂರ ಹಾರುವ ಶಕ್ತಿಯೂ ಇಲ್ಲ, ಗೋಡೆಯ ಮೇಲೆ ಕುಪ್ಪಳಿಸುತ್ತ ಸಾಗುತ್ತದೆ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತದೆ. ಮೊಟ್ಟೆ ಇಡುವುದು ಮಣ್ಣಿನಲ್ಲಿ. ಆದ್ದರಿಂದ ಡೆಂಗಿಗೆಂದು ನಾವು ಡ್ರಮ್ಮು, ಟೈರುಗಳ ನೀರು ಚೆಲ್ಲಿದರೆ ಇದಕ್ಕೆ ಯಾವ ನಷ್ಟವೂ ಇಲ್ಲ. ರಕ್ತ ಹೀರುವುದು ಹೆಣ್ಣು ಮಾತ್ರ, ಅದೂ ಹೆಚ್ಚಾಗಿ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ.

ಕೀಟತಜ್ಞರು ಇದನ್ನು ಹಿಡಿಯುವ ಬಗೆ ನೋಡಬೇಕು. ಬೆಳಗಿನ ಹೊತ್ತು ಟಾರ್ಚ್ ಹಿಡಿದು ಗೋಡೆಗೆ ಮುಖವಿಟ್ಟು ನಿಲ್ಲುತ್ತಾರೆ. ಗಾಜಿನ ನಳಿಗೆಗೆ ಸಿಕ್ಕಿಸಿದ ರಬ್ಬರ್ ಕೊಳವೆಯನ್ನು ಬಾಯಲ್ಲಿಟ್ಟು, ಉಸಿರೆಳೆದು ಒಂದೊಂದನ್ನೇ ಒಳಕ್ಕೆ ಸೆಳೆಯುತ್ತಾರೆ. ನಡುವೆ ಬಲೆಬಟ್ಟೆಯ ತಡೆ ಇರುತ್ತದೆನ್ನಿ! ಇಲ್ಲವಾದರೆ ಹರಳೆಣ್ಣೆ ಸವರಿದ ಕಾಗದವನ್ನು ಸಂಜೆ ಬಿರುಕುಗಳ ಬಳಿ ತೂಗುಬಿಟ್ಟು, ಮರುದಿನ ಅಂಟಿಕೊಂಡವನ್ನು ಬಿಡಿಸಿಕೊಳ್ಳುತ್ತಾರೆ. ಸಿಕ್ಕವೆಲ್ಲ ಒಂದೇ ಜಾತಿಯಲ್ಲ. ಸರ್ಜೆಂಟೋಮಿಯಾ ಕುಲದ ಅನೇಕ ನೊಣಗಳಿಗೆ ಹಲ್ಲಿ, ಓತಿಗಳ ರಕ್ತವೇ ಇಷ್ಟ. ನಮ್ಮ ದೇಶದಲ್ಲಿ ಕಾಲಾ ಅಜಾರ್, ಅಂದರೆ ಮನುಷ್ಯರಿಗೆ ಬರುವ ಲೀಶ್ಮೇನಿಯಾಸಿಸ್, ಹರಡುವ ಫ್ಲೆಬೊಟೊಮಸ್ ಅರ್ಜೆಂಟಿಪೆಸ್‌ಗೆ ದನದ ಕೊಟ್ಟಿಗೆ ಎಂದರೆ ಪ್ರೀತಿ.

ಹಿಡಿದ ನೊಣದ ಹೊಟ್ಟೆಯಲ್ಲಿ ಲೀಶ್ಮೇನಿಯಾದ ಡಿಎನ್‌ಎ ಸಿಕ್ಕಿತೆನ್ನಿ. ಅಷ್ಟಕ್ಕೇ ಅದು ವಾಹಕವಾಗಿಬಿಡುವುದಿಲ್ಲ. ಸೋಂಕಿದ ಪ್ರಾಣಿಯ ರಕ್ತ ಹೀರಿದ ಯಾವ ಕೀಟದಲ್ಲಾದರೂ ಆ ಡಿಎನ್‌ಎ ಸಿಕ್ಕೀತು. ರಕ್ತ ಅರಗಿದ ಮೇಲೂ ಪರಾವಲಂಬಿ ಬದುಕುಳಿದು, ಸಂಖ್ಯೆ ಹೆಚ್ಚಿಸಿಕೊಂಡು, ನೊಣದ ಬಾಯಿಯತ್ತ ಬರಬೇಕು. ಮುಂದಿನ ಕಡಿತದಲ್ಲಿ ಇನ್ನೊಂದು ಮೈಗೆ ದಾಟಬೇಕು. ಕಾಲಾ ಅಜಾರ್‌ನ ರೋಗಾಣುವನ್ನು ವಿಲಿಯಂ ಲೀಶ್ಮನ್ ಮತ್ತು ಮದರಾಸಿನ ಚಾರ್ಲ್ಸ್ ಡೊನೊವನ್ ಲೋಕಕ್ಕೆ ತಿಳಿಸಿದ್ದು 1903ರಲ್ಲಿ. ಅನುಮಾನ ಮೊದಲು ಬಿದ್ದದ್ದು ಬಡಪಾಯಿ ತಿಗಣೆಯ ಮೇಲೆ. ನೊಣದ ಕಡಿತದಿಂದಲೇ ಮನುಷ್ಯರಿಗೆ ದಾಟುತ್ತದೆ ಎಂದು ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಸ್ವಯಂಸೇವಕರ ಮೇಲಿನ ಪ್ರಯೋಗದಿಂದ ತೋರಿಸಿದ್ದು 1942ರಲ್ಲಿ. ನಡುವೆ 39 ವರ್ಷ! ಕೊನೆಗೆ ಬೀಗ ತೆರೆದದ್ದು ಒಣದ್ರಾಕ್ಷಿ. ಸೋಂಕಿನ ರಕ್ತ ಕುಡಿದ ನೊಣಕ್ಕೆ ಮತ್ತೆ ರಕ್ತ ಕೊಡದೆ ದ್ರಾಕ್ಷಿಯ ಸಿಹಿ ಉಣಿಸಿದಾಗ, ಅದರೊಳಗೆ ಪರಾವಲಂಬಿಗಳು ಕಿಕ್ಕಿರಿದು ಬೆಳೆದವು.

ನಾಯಿಯ ಕಥೆ ಬೇರೆ. ಟ್ಯೂನಿಸ್‌ನಲ್ಲಿ ಚಾರ್ಲ್ಸ್ ನಿಕೊಲ್ 1908ರಲ್ಲೇ ನಾಯಿಗಳಲ್ಲಿ ಈ ಸೋಂಕು ಕಂಡಿದ್ದ. ಮೆಡಿಟರೇನಿಯನ್ ಸುತ್ತಲ ದೇಶಗಳಲ್ಲಿ, ಬ್ರೆಜಿಲ್‌ನಲ್ಲಿ ಲೀಶ್ಮೇನಿಯಾ ಇನ್‌ಫ್ಯಾಂಟಮ್‌ಗೆ ನಾಯಿಯೇ ಆಶ್ರಯದಾತ. ಬ್ರೆಜಿಲ್‌ನಲ್ಲಿ ಸೋಂಕಿತ ನಾಯಿಗಳನ್ನು ಕೊಲ್ಲಿಸಿಯೂ ನೋಡಿದರು. ರೋಗ ನಗರಗಳಿಗೆ ನುಗ್ಗುವುದು ನಿಲ್ಲಲಿಲ್ಲ. ನಮ್ಮ ಬಿಹಾರ, ಬಂಗಾಳದ ಕಾಲಾ ಅಜಾರ್ ಹರಡುವುದು ಲೀಶ್ಮೇನಿಯಾ ಡೊನೊವಾನಿಯಿಂದ, ಮನುಷ್ಯನಿಂದ ನೊಣಕ್ಕೆ, ನೊಣದಿಂದ ಮನುಷ್ಯನಿಗೆ. ಅಲ್ಲಿ ನಾಯಿಗೆ ಪಾತ್ರವಿಲ್ಲವೆಂದೇ ಬಹುಕಾಲ ನಂಬಿಕೆ. ಈ ನಂಬಿಕೆಯನ್ನು ಸ್ವಲ್ಪ ಅಲುಗಾಡಿಸಿದ್ದು ಪಶ್ಚಿಮಘಟ್ಟದ ದಕ್ಷಿಣ ತುದಿ: ಕೇರಳದ ಕಾಣಿ ಬುಡಕಟ್ಟಿನ ವಸತಿಗಳಲ್ಲಿ ಸಾಕುನಾಯಿಗಳಿಗೂ ಡೊನೊವಾನಿ ಸೋಂಕಿರುವುದು 2017ರಲ್ಲಿ ವರದಿಯಾಯಿತು. ಪುಣೆಯೂ ಘಟ್ಟದ ಮಗ್ಗುಲಲ್ಲೇ ಇದೆಯಲ್ಲ ಎಂದು ಹೆದರಿಸಲು ನನಗೆ ಮನಸ್ಸಿಲ್ಲ. ಆ ಮಳೆಕಾಡೇ ಬೇರೆ, ಯೆರವಡಾದ ಕರಿಕಲ್ಲಿನ ನೆಲವೇ ಬೇರೆ.

ಕಣ್ಣಿನ ಸುತ್ತ ಕೂದಲು ಉದುರಿ, ಚರ್ಮ ಹೊಟ್ಟೆದ್ದು, ಗ್ರಂಥಿಗಳು ಊದಿ, ಉಗುರು ಅತಿಯಾಗಿ ಬೆಳೆದು, ನಾಯಿ ಸೊರಗುತ್ತ ಹೋಗುವುದು ಈ ರೋಗದ ಚಹರೆ. ಆದರೆ ನಮ್ಮ ನಗರಗಳಲ್ಲಿ ನಾಯಿ ಸೊರಗಿದರೆ, ಮೂಗಿನಲ್ಲಿ ರಕ್ತ ಕಂಡರೆ ಮೊದಲು ಹುಡುಕಬೇಕಾದದ್ದು ಕಿವಿಯ ಮಡಿಕೆಯಲ್ಲಿ ಕಚ್ಚಿಕೊಂಡ ಉಣ್ಣೆಯನ್ನು. ಅದು ತರುವ ಎರ್ಲಿಕಿಯೋಸಿಸ್ ಇಲ್ಲಿ ನಿತ್ಯದ ಕಾಯಿಲೆ. ಕೂದಲುದುರಿದರೆ ಕಜ್ಜಿಯ ಅನುಮಾನ ಮೊದಲು. ಲೀಶ್ಮೇನಿಯಾ ಎನ್ನಬೇಕಾದರೆ ಗ್ರಂಥಿಯಿಂದಲೋ ಮೂಳೆಮಜ್ಜೆಯಿಂದಲೋ ಸೂಜಿಯಲ್ಲಿ ತೆಗೆದದ್ದನ್ನು ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾಯಿಯನ್ನು ಸ್ಪೇನ್, ಇಟಲಿಯಂಥ ಕಡೆಯಿಂದ ತರಿಸಿದ್ದರೆ ಆ ಮಾತನ್ನು ಪಶುವೈದ್ಯರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೋಂಕು ವರ್ಷಗಟ್ಟಲೆ ಒಳಗೇ ಅಡಗಿರಬಲ್ಲದು.

ಹಾಗೆಂದು ಮಹಾರಾಷ್ಟ್ರದ ಮರಳು ನೊಣ ಸಾಧುವಲ್ಲ. ನಮ್ಮ ಮಂಗನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಪತ್ತೆಹಚ್ಚಿದ ಪುಣೆಯ ಸಂಸ್ಥೆಯೇ, ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, 1965ರಲ್ಲಿ ನಾಗಪುರದ ಬಳಿ ಚಾಂದಿಪುರ ವೈರಾಣುವನ್ನು ಕಂಡುಹಿಡಿಯಿತು. ಮುಂದೆ ಅದು ಔರಂಗಾಬಾದಿನ ಮರಳು ನೊಣಗಳಲ್ಲೂ ಸಿಕ್ಕಿತು. 2003ರಲ್ಲಿ ಆಂಧ್ರದಲ್ಲಿ 329 ಮಕ್ಕಳು ಮಿದುಳಿನ ಉರಿಯೂತಕ್ಕೆ ತುತ್ತಾಗಿ, 183 ಮಕ್ಕಳು ತೀರಿಕೊಂಡಾಗ ಬೆರಳು ತೋರಿದ್ದೂ ಈ ವೈರಾಣುವಿನತ್ತ. ಹಾಗಾಗಿ ಯೆರವಡಾದಂಥ ಕಡೆ ಗೋಡೆಯ ಬಿರುಕು ಮೆತ್ತಿಸುವುದು, ಸಗಣಿ-ಕಸ ದೂರವಿಡುವುದು ನಾಯಿಗಿಂತ ಮೊದಲು ಮಕ್ಕಳಿಗಾಗಿ ಆಗಬೇಕಾದ ಕೆಲಸ.

ನಾಯಿಗೆ ಡೆಲ್ಟಾಮೆಥ್ರಿನ್ ಬೆರೆಸಿದ ಕೊರಳಪಟ್ಟಿ ಕಟ್ಟಿದರೆ ಮರಳು ನೊಣವೂ ಉಣ್ಣೆಯೂ ದೂರ ಉಳಿಯುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಮಾತ್ರ ಕೊಳ್ಳುವ ಮುಂಚೆ ವೈದ್ಯರನ್ನು ಕೇಳಿ. ಈ ಗುಂಪಿನ ಔಷಧಿಗಳು, ಮುಖ್ಯವಾಗಿ ಪರ್ಮೆಥ್ರಿನ್, ಬೆಕ್ಕಿಗೆ ವಿಷ.