ಟವರ್ ಎದ್ದರೂ ಬಾಡಿಗೆ ಯಾಕೆ ಇಳಿಯಲ್ಲ? ನ್ಯೂಯಾರ್ಕಿನ ಒಂದು ಉತ್ತರ

ಹಿಂಜವಡಿಯಲ್ಲೋ ಗಚ್ಚಿಬೌಲಿಯಲ್ಲೋ ಬಾಡಿಗೆಗಿರೋ ನಮ್ಮವರು ಸಿಕ್ಕಾಗೆಲ್ಲ ಕೇಳೋದು ಒಂದೇ: ಸುತ್ತ ಇಷ್ಟು ಟವರ್ ಏಳ್ತಿವೆ, ಬಾಡಿಗೆ ಮಾತ್ರ ಯಾಕೆ ಇಳಿಯಲ್ಲ? ನ್ಯೂಯಾರ್ಕಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಕೂತಿರೋ ಒಂದು ಸಂಶೋಧನಾ ಕೇಂದ್ರ ಇದೆ. ಇವತ್ತು ಅದನ್ನ ನಡೆಸಿದವರ ವಿಷಯ.

ಅದು ನ್ಯೂಯಾರ್ಕ್ ಯೂನಿವರ್ಸಿಟಿಯ ಫರ್ಮನ್ ಸೆಂಟರ್. ಶುರುವಾಗಿದ್ದು 1995ರಲ್ಲಿ. ಊರಿನ ಬಾಡಿಗೆ, ಮನೆ ಮಾರಾಟ, ಆದಾಯದಲ್ಲಿ ಶೇ 30ಕ್ಕಿಂತ ಹೆಚ್ಚು ಬಾಡಿಗೆಗೇ ಕಟ್ಟೋ ಕುಟುಂಬಗಳು, ಇದೆಲ್ಲದರ ಮೇಲೆ ವಾರ್ಷಿಕ ವರದಿ ಕೊಡುತ್ತೆ. ಇಂಥ ಕಡೆ ಮುಖ್ಯಸ್ಥರಾದವರ ಕಷ್ಟ ನೋಡಿ: ಡೇಟಾ ಕೊಡೋದು ಸರ್ಕಾರ, ತಪ್ಪಾದಾಗ ಹೇಳಬೇಕಾದ್ದೂ ಅದೇ ಸರ್ಕಾರಕ್ಕೆ. ಬಿಲ್ಡರೂ ಬಾಡಿಗೆದಾರರೂ ಇಬ್ಬರೂ ನಿಮ್ಮ ಅಂಕಿಯನ್ನ ನಂಬಬೇಕು.

ಇದರ ನಿರ್ದೇಶಕಿಯಾಗಿದ್ದ ವಿಕಿ ಬೀನ್ ಅವರನ್ನ 2014ರಲ್ಲಿ ಮೇಯರ್ ಡಿ ಬ್ಲಾಸಿಯೊ ನಗರದ ವಸತಿ ಇಲಾಖೆಗೇ ಕಮಿಷನರ್ ಮಾಡಿದರು. ಹತ್ತು ವರ್ಷದಲ್ಲಿ 2 ಲಕ್ಷ ಕೈಗೆಟುಕುವ ಮನೆ, ಇದು ಗುರಿ. 2016ರಲ್ಲಿ ಹೊಸ ನಿಯಮವೂ ಬಂತು: ಹೆಚ್ಚು ಮಹಡಿ ಕಟ್ಟೋಕೆ ವಲಯ ಬದಲಿಸಿಕೊಟ್ಟ ಕಡೆ, ಬಿಲ್ಡರ್ ಮನೆಗಳಲ್ಲಿ ಸುಮಾರು ಕಾಲು ಭಾಗವನ್ನ ಶಾಶ್ವತವಾಗಿ ಕಡಿಮೆ ಬಾಡಿಗೆಗೆ ಬಿಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಬಡಾವಣೆಗಳ ಸಲಹಾ ಮಂಡಳಿಗಳಲ್ಲಿ ಹೆಚ್ಚಿನವು ಆ ಪ್ರಸ್ತಾವವನ್ನ ವಿರೋಧಿಸಿದ್ದವು. ಯಾಕಂದ್ರೆ 'ಕಡಿಮೆ' ಅನ್ನೋದನ್ನ ಅಳೆಯೋದು ಇಡೀ ಪ್ರದೇಶದ ಮಧ್ಯಮ ಆದಾಯದಿಂದ. ಬ್ರೂಕ್ಲಿನ್ನಿನ ಈಸ್ಟ್ ನ್ಯೂಯಾರ್ಕ್‌ನಂಥ ಬಡ ಬಡಾವಣೆಯವರ ಆದಾಯ ಅದಕ್ಕಿಂತ ಎಷ್ಟೋ ಕೆಳಗಿತ್ತು. ಅವರು ಕೇಳಿದ್ದು, ಇದು ಯಾರ ಕೈಗೆ ಎಟುಕೋ ಮನೆ ಸ್ವಾಮಿ? ನ್ಯಾಯವಾದ ಪ್ರಶ್ನೆನೇ ಅನ್ನಿಸುತ್ತೆ ನನಗೆ.

2017ರಲ್ಲಿ ಬೀನ್ ಕೇಂದ್ರಕ್ಕೆ ವಾಪಸ್ ಬಂದರು. ಇಂಗ್ರಿಡ್ ಗೌಲ್ಡ್ ಎಲೆನ್, ಕ್ಯಾಥರಿನ್ ಓ'ರೀಗನ್ ಜೊತೆ ಬರೆದ ಪ್ರಬಂಧದಲ್ಲಿ, ಹೊಸ ಮನೆ ಕಟ್ಟಿದ್ರೆ ಬಾಡಿಗೆ ಏರುತ್ತೆ ಅನ್ನೋ ಅನುಮಾನಕ್ಕೆ ಉತ್ತರ ಕೊಟ್ಟರು. ಮನೆ ಹೆಚ್ಚಾದಷ್ಟೂ ಬಾಡಿಗೆಯ ಏರಿಕೆ ತಗ್ಗುತ್ತೆ, ಆದರೆ ತೀರಾ ಕಡಿಮೆ ಆದಾಯದವರಿಗೆ ಅದೊಂದೇ ಸಾಲಲ್ಲ, ಸರ್ಕಾರದ ನೆರವೂ ಬೇಕು ಅನ್ನೋದು ವಾದ. ಅಂದ್ರೆ ಟವರ್ ಎದ್ದಿದ್ದಕ್ಕೆ ಬಾಡಿಗೆ ಇಳಿಯದೇ ಇರಬಹುದು, ಏಳದಿದ್ದರೆ ಇನ್ನೂ ಏರ್ತಿತ್ತು. (11 ತಿಂಗಳ ಅಗ್ರಿಮೆಂಟ್ ಮುಗಿದಾಗ ಓನರ್ ಮುಂದೆ ಇದನ್ನ ಹೇಳಿ ನೋಡಿ!)

ಕಮಿಷನರ್ ಆಗಿದ್ದವರೇ ಬರೆದ ಇದನ್ನ ಎಷ್ಟು ನಂಬೋದು? ನಾನಂತೂ ಅವರ ವಾದಕ್ಕಿಂತ ಮೊದಲು ಕೇಂದ್ರದ ವಾರ್ಷಿಕ ವರದಿ ನೋಡ್ತೀನಿ. ಅವರು ನಗರಸಭೆಯಲ್ಲಿದ್ದ ಆ ಮೂರು ವರ್ಷವೂ ಅದು ನಿಲ್ಲಲಿಲ್ಲ. 2019ರಲ್ಲಿ ಅವರನ್ನ ಮತ್ತೆ ಕರೆದರು, ಈ ಸಲ ಡೆಪ್ಯುಟಿ ಮೇಯರ್ ಹುದ್ದೆಗೆ. ವರದಿ ಆಗಲೂ ಬರ್ತಾನೇ ಇತ್ತು.