ವೈದ್ಯರ ಕೈಗೊಂದು ಗಡಿಯಾರ

ಇದು ಬೆಂಗಳೂರಿನ ಜಾಲಹಳ್ಳಿ. 1961ರಲ್ಲಿ ಎಚ್‌ಎಂಟಿ ಕೈಗಡಿಯಾರ ತಯಾರಿಕೆ ಶುರುವಾದ ಜಾಗ. ಇಲ್ಲೇ ಒಂದು ಪ್ರಶ್ನೆ ಕೇಳೋಣ: ಆಸ್ಪತ್ರೆಯಲ್ಲಿ ರೋಗಿಯ ಸಮಯ ಎಲ್ಲಿ ಕಳೆಯುತ್ತದೆ?

ಚೀಟಿ ಮಾಡಿಸಲು ಒಂದು ಸಾಲು. ಡಾಕ್ಟರ ಬಾಗಿಲಲ್ಲಿ ಇನ್ನೊಂದು. ರಕ್ತಪರೀಕ್ಷೆಗೆ, ಔಷಧಿಗೆ ಮತ್ತೆರಡು. ಶಿಫ್ಟ್ ಬಿಟ್ಟು ಬಂದ ಪೀಣ್ಯದ ಕಾರ್ಮಿಕನಿಗೆ ಅರ್ಧ ದಿನದ ಕೂಲಿಯೇ ಹೋಗಬಹುದು.

ಎಂಬಿಬಿಎಸ್ ಮುಖ್ಯವಾಗಿ ಕಾಯಿಲೆ ಗುರುತಿಸಿ ಗುಣಪಡಿಸುವುದನ್ನು ಕಲಿಸುತ್ತದೆ, ಇಂಥ ಸಾಲುಗಳನ್ನು ನಿಭಾಯಿಸುವುದನ್ನಲ್ಲ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿಯೊಳಗಿದೆಯೇ ಎಂದೂ ನೋಡಬೇಕು. ಔಷಧಿ ದಾಸ್ತಾನು, ಸಿಬ್ಬಂದಿಯ ರಜೆ, ಅನುದಾನದ ಲೆಕ್ಕ, ಎಲ್ಲವೂ ಅವರ ಹೆಗಲಿಗೇ.

ಇದನ್ನು ಕಲಿಯುವ ದಾರಿಗಳು ಇಲ್ಲವೆಂದಲ್ಲ. 2004ರಲ್ಲಿ ಆರಂಭವಾದ, ಎಲೆಕ್ಟ್ರಾನಿಕ್ ಸಿಟಿಯ ಐಐಎಚ್‌ಎಂಆರ್ ಸಂಸ್ಥೆಯು ಆಸ್ಪತ್ರೆ ಮತ್ತು ಆರೋಗ್ಯ ನಿರ್ವಹಣೆಯನ್ನೇ ಕಲಿಸುತ್ತದೆ. ಎಂಡಿ, ಎಂಎಸ್ ಓದುವವರು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂಬ ನಿಯಮ 2020ರಲ್ಲಿ ಬಂತು.

ಹಾಗಾದರೆ ವೈದ್ಯರ ಸ್ನಾತಕೋತ್ತರ ನಿರ್ವಹಣಾ ತರಬೇತಿ ಹೇಗಿರಬೇಕು?

ಪಾಠ ಆಸ್ಪತ್ರೆಯ ಮೊಗಸಾಲೆಯಿಂದಲೇ ಶುರುವಾಗಲಿ. ವೈದ್ಯರು ಗಡಿಯಾರ ಹಿಡಿದು, ಒಬ್ಬ ರೋಗಿಯ ಜೊತೆ ನಾಲ್ಕೂ ಸಾಲಲ್ಲಿ ನಿಲ್ಲಲಿ. ನಿಮಿಷ ಬರೆದುಕೊಳ್ಳಲಿ. ಒಂದು ಸಾಲನ್ನಾದರೂ ಚಿಕ್ಕದು ಮಾಡಿ, ಮತ್ತೆ ಅಳೆಯಲಿ.

ಅಂತಿಮ ಪರೀಕ್ಷೆಯ ಅಂಕ, ರೋಗಿಗೆ ಉಳಿಸಿಕೊಟ್ಟ ಆ ನಿಮಿಷಗಳಿಗೇ ಸಿಗಲಿ.